ಬಾಗಿಲಿಗೆ ಬಂದ ವ್ಯಾಪಾರ

(ಬಾನುಲಿ ಭಾಷಣ)

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ಹಾದಿಯಲ್ಲಿ ಮಂಚೇನಹಳ್ಳಿ ಎಂಬ ಊರಿದೆ. ಬಹುಕಾಲ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿಯಾಗಿದ್ದು, ಈಚೆಗೆ ತಾನೇ ತಾಲ್ಲೂಕೆಂಬ ಹೆಸರು ಪಡೆದ ಊರು. ಶಾಲೆಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಬೆರೆತ ಮಾತು; ನಾನು ಹುಟ್ಟಿ ಬೆಳೆದದ್ದು ಅಲ್ಲಿ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಗೆ ಬರುತ್ತಿದ್ದ ವ್ಯಾಪಾರಿಗಳು ಅನೇಕರು. ಮಲಾರ ಹೊತ್ತ ಬಳೆಗಾರ, ಸೀರೆಯ ಗಂಟನ್ನು ಜಗಲಿಯ ಮೇಲೆ ಬಿಚ್ಚುವವನು, ಹಳೆಯ ಬಟ್ಟೆಗೆ ಹೊಸ ಪಾತ್ರೆ ಕೊಡುವವಳು, ಬೇವಿನ ಮರದ ಕೆಳಗೆ ತಿದಿ ಊದಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಇವರಲ್ಲಿ ಯಾರಿಗೂ ಅಂಗಡಿಯಿರಲಿಲ್ಲ. ರಸೀದಿಯಂತೂ ಇರಲೇ ಇಲ್ಲ. ಸೀರೆಯವನು ಸಾಲದ ಲೆಕ್ಕವನ್ನು ಒಂದು ಎಣ್ಣೆಗಟ್ಟಿದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಕಣದ ಕಾಲಕ್ಕೆ ಬಂದು ರಾಗಿಯನ್ನೋ ಹಣವನ್ನೋ ಪಡೆದು ಹೋಗುತ್ತಿದ್ದ.

ಇವರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರೆಂದು ನಾನು ಹೇಳಲಾರೆ. ಮೊದಲನೆಯ ಒಗೆತಕ್ಕೇ ಬಣ್ಣ ಬಿಟ್ಟ ಸೀರೆಗಳನ್ನು ನಮ್ಮ ತಾಯಿ ಉಟ್ಟದ್ದುಂಟು. ಆದರೆ ಬಣ್ಣ ಬಿಟ್ಟ ಸೀರೆಯನ್ನು ಮಾರಿದವನು ಮುಂದಿನ ಗೌರಿಹಬ್ಬಕ್ಕೆ ಮತ್ತೆ ಅದೇ ಜಗಲಿಗೆ ಬರಲೇಬೇಕಾಗಿತ್ತು. ಬಂದಾಗ ಆ ಸೀರೆಯನ್ನು ಅವನ ಮುಖದ ಮುಂದೆ ಬೀಸಿ ಎಸೆಯುವ ಹಕ್ಕು ನಮ್ಮ ತಾಯಿಗಿತ್ತು; ಅದನ್ನು ಆಕೆ ಚಲಾಯಿಸಿದ್ದನ್ನೂ ನಾನು ಕಂಡಿದ್ದೇನೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿ ಬರುವ ಬಳೆಗಾರ ಚೆನ್ನಯ್ಯನಿಗೆ ಒಂದು ಹೆಸರಿದೆ, ತವರನ್ನೂ ಗಂಡನ ಮನೆಯನ್ನೂ ಬಲ್ಲ ಸಲಿಗೆಯಿದೆ ಎಂಬುದನ್ನು ನೆನೆದರೆ ನಾನು ಹೇಳುತ್ತಿರುವುದು ತಿಳಿದೀತು. ಮರಳಿ ಬರಬೇಕೆಂಬ ನಿರ್ಬಂಧವೇ ಆ ವ್ಯಾಪಾರದ ಖಾತರಿಯಾಗಿತ್ತು.

ಇಂದು ಬಾಗಿಲು ತಟ್ಟುವವನಿಗೆ ಆ ನಿರ್ಬಂಧವಿಲ್ಲ. ಅವನ ಕೊರಳಲ್ಲಿ ಒಂದು ಪಟ್ಟಿ, ಪಟ್ಟಿಯ ತುದಿಯಲ್ಲಿ ಒಂದು ಚೀಟಿ, ಬೆನ್ನಿಗೆ ಒಂದು ಚೀಲ. ನಾಳೆ ಅವನು ಚಿಂತಾಮಣಿಯಲ್ಲಿರುತ್ತಾನೆ, ನಾಡಿದ್ದು ಶಿಡ್ಲಘಟ್ಟದಲ್ಲಿ. ಮಾರುವ ವಸ್ತುವಿಗಿಂತ ಮಾರುವ ಮಾತು ಹೆಚ್ಚು ಸಿದ್ಧವಾಗಿರುತ್ತದೆ. ನಿಮ್ಮ ಮನೆಯ ಸಂಖ್ಯೆ ಅದೃಷ್ಟದ ಚೀಟಿಯಲ್ಲಿ ಬಂದಿದೆ, ಗೀಚಿ ನೋಡಿ ಎನ್ನುತ್ತಾನೆ. ಗೀಚಿದವರಿಗೆಲ್ಲ ಮಿಕ್ಸಿಯೋ ಕುಕ್ಕರೋ ಬಂದೇ ಬರುತ್ತದೆ, ತೆರಿಗೆಯ ಹಣ ಕಟ್ಟಿದರೆ ಸಾಕು. ಗ್ಯಾಸ್ ಏಜೆನ್ಸಿಯಿಂದ ಬಂದಿದ್ದೇವೆ, ಒಲೆಯ ತಪಾಸಣೆ ಕಡ್ಡಾಯ ಎನ್ನುವವರು ಬೇರೆ. ತಪಾಸಣೆಯ ಕೊನೆಗೆ ಕೊಳವೆ ಹಳತಾಗಿದೆಯೆಂದು ಬೆದರಿಸಿ ಚೀಲದೊಳಗಿನ ಕೊಳವೆಯನ್ನು ಮೂರರಷ್ಟು ಬೆಲೆಗೆ ತಗುಲಿಸುತ್ತಾರೆ. ಒಡವೆಗೆ ಹೊಳಪು ಕೊಡುತ್ತೇವೆಂದು ಬರುವವರದು ವ್ಯಾಪಾರವಲ್ಲ, ಕಳವು. ನೈಟ್ರಿಕ್ ಆಮ್ಲ ಒಂದು ಪಾಲು, ಹೈಡ್ರೊಕ್ಲೋರಿಕ್ ಆಮ್ಲ ಮೂರು ಪಾಲು ಸೇರಿದ ದ್ರಾವಣದಲ್ಲಿ ಚಿನ್ನ ಕರಗುತ್ತದೆ. ಅದರಲ್ಲಿ ಅದ್ದಿ ತೆಗೆದ ಸರ ಹೊಳೆಯುವುದೇನೋ ನಿಜ. ತೂಕದಲ್ಲಿ ಇಳಿದ ಭಾಗ ಅವರ ಬೋಗುಣಿಯಲ್ಲಿ ಉಳಿದಿರುತ್ತದೆ. ಇದಕ್ಕೆ ಗ್ರಾಹಕರ ಕಾಯಿದೆ ಬೇಡ, ಪೊಲೀಸ್ ಠಾಣೆ ಬೇಕು. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಪುಡಿ ಮಾರುವವರೂ ಇದ್ದಾರೆ. ಮಧುಮೇಹವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯೇ ನಿಷೇಧಿಸಿದೆ ಎಂಬುದನ್ನು ಅವರು ಕೇಳಿಯೇ ಇರುವುದಿಲ್ಲ, ಕೊಳ್ಳುವವರೂ ಕೇಳಿರುವುದಿಲ್ಲ.

ಆದರೆ ನಾನು ಇಂದು ವಿಸ್ತಾರವಾಗಿ ಹೇಳಬೇಕೆಂದಿರುವುದು ನೀರಿನ ಯಂತ್ರದ ಸಂಗತಿ. ಅದಕ್ಕೆ ಕಾರಣವುಂಟು, ಆ ಮೋಸಕ್ಕೆ ನಾನೇ ಸಾಕ್ಷಿ, ಸಾಕ್ಷಿಗಿಂತ ಸ್ವಲ್ಪ ಹೆಚ್ಚೇ.

ನನ್ನ ಅಕ್ಕ ಮಂಚೇನಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ವಯಸ್ಸು ಎಪ್ಪತ್ತು ದಾಟಿದೆ, ಮಂಡಿನೋವು. ಒಂದು ಶ್ರಾವಣದಲ್ಲಿ ನಾನು ಅವಳ ಮನೆಗೆ ಹೋಗಿದ್ದಾಗ ಒಬ್ಬ ತರುಣ ಬಂದ. “ಅಮ್ಮಾ, ಬಾಗುನ್ನಾರಾ?” ಎಂದು ತೆಲುಗಿನಲ್ಲಿ ಕ್ಷೇಮ ವಿಚಾರಿಸಿದ, ನನ್ನ ಕೈಯಲ್ಲಿ ಪುಸ್ತಕ ಕಂಡು ಕನ್ನಡಕ್ಕೆ ಹೊರಳಿ “ಸಾರ್” ಎಂದ. ಮಾರುವುದಕ್ಕೆ ಬಂದಿಲ್ಲ, ನೀರಿನ ಪರೀಕ್ಷೆ ಮಾಡುವುದಕ್ಕೆ ಬಂದಿದ್ದೇವೆ ಎಂದ. ಈ ಒಂದು ವಾಕ್ಯವನ್ನು ಕೇಳುಗರು ನೆನಪಿಟ್ಟುಕೊಳ್ಳಬೇಕು; ಮನೆಮನೆಯ ಮೋಸದ ಮೊದಲ ಮೆಟ್ಟಿಲು ಬಹುಮಟ್ಟಿಗೆ ಇದೇ.

ಅವನು ಎರಡು ಗಾಜಿನ ಲೋಟಗಳನ್ನು ತೆಗೆದಿಟ್ಟ. ಒಂದರಲ್ಲಿ ನಮ್ಮ ನಲ್ಲಿಯ ನೀರು, ಮತ್ತೊಂದರಲ್ಲಿ ತನ್ನ ಸೀಸೆಯ ನೀರು. ನೋಡುವುದಕ್ಕೆ ಎರಡೂ ಒಂದೇ. ಎರಡಕ್ಕೂ ಲೋಹದ ಕಡ್ಡಿಗಳಿದ್ದ ಒಂದು ಉಪಕರಣವನ್ನು ಇಳಿಬಿಟ್ಟು ವಿದ್ಯುತ್ತಿಗೆ ಜೋಡಿಸಿದ. ಎರಡು ನಿಮಿಷದೊಳಗೆ ನಮ್ಮ ನೀರು ಹಸಿರು ತಿರುಗಿತು, ಆಮೇಲೆ ಕಂದಾಯಿತು, ಮೇಲೆ ಕೊಳೆಯಂಥ ನೊರೆ ಕಟ್ಟಿತು. ಅವನ ನೀರು ತಿಳಿಯಾಗಿಯೇ ಇತ್ತು. “ಅಮ್ಮಾ, ನೀವು ದಿನಾ ಕುಡಿಯೋದು ಇದನ್ನೇ. ನಿಮ್ಮ ಮಂಡಿನೋವಿಗೆ ಕಾರಣ ಇದೇ, ಫ್ಲೋರೈಡು” ಎಂದ. ಅಕ್ಕ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಮೂವತ್ತು ವರ್ಷ ಪಂಪ ರನ್ನರನ್ನು ಪಾಠ ಹೇಳಿದ ತಲೆ ಅದು. ವಿದ್ಯುದ್ವಿಶ್ಲೇಷಣೆಯ ವಿಷಯದಲ್ಲಿ ಅಕ್ಕನ ತಲೆಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ತಿಳಿದದ್ದಲ್ಲ. ಆದರೆ ಅವಳ ಪಾಲಿಗೆ ಅದೇ ಪ್ರಮಾಣವಾಯಿತು.

ಈ ಪ್ರದರ್ಶನದ ಗುಟ್ಟನ್ನು ನನಗೆ ತಿಳಿಸಿದವರು ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ನಿವೃತ್ತ ಮಿತ್ರರು. ಆ ಕಡ್ಡಿಗಳಲ್ಲಿ ಕೆಲವು ಕಬ್ಬಿಣ, ಕೆಲವು ಅಲ್ಯೂಮಿನಿಯಂ. ನೀರಿನಲ್ಲಿ ಲವಣಗಳು ಕರಗಿದ್ದರೆ ಅದರ ಮೂಲಕ ವಿದ್ಯುತ್ತು ಹರಿಯುತ್ತದೆ. ಹರಿದಾಗ ಕಬ್ಬಿಣದ ಕಡ್ಡಿ ತಾನೇ ಸವೆದು ನೀರಿಗಿಳಿಯುತ್ತದೆ. ನಾವು ಕಂಡ ಹಸಿರು, ಕಂದು ಬಣ್ಣವೆಲ್ಲ ಕಬ್ಬಿಣದ ಹೈಡ್ರಾಕ್ಸೈಡು, ಅಂದರೆ ತುಕ್ಕಿನ ಬಂಧು. ಅದು ನೀರಿನಲ್ಲಿ ಮೊದಲೇ ಇದ್ದ ಕೊಳೆಯಲ್ಲ, ಕಡ್ಡಿಯಿಂದ ಆ ಕ್ಷಣದಲ್ಲಿ ಹುಟ್ಟಿದ ಕೊಳೆ. ಲವಣವನ್ನೆಲ್ಲ ತೆಗೆದ ನೀರಿನಲ್ಲಿ ವಿದ್ಯುತ್ತು ಹೆಚ್ಚು ಹರಿಯದು. ಆದ್ದರಿಂದ ಕಡ್ಡಿ ಸವೆಯದು, ಬಣ್ಣವೂ ಬಾರದು. ನನ್ನ ಮಿತ್ರರು ಅಂಥದೇ ಕಡ್ಡಿಗಳನ್ನು ಹುಡುಕಿ ತಂದು ನನ್ನ ಕಣ್ಣೆದುರಿಗೇ ಮಾಡಿ ತೋರಿಸಿದರು. ಅಂಗಡಿಯಿಂದ ತಂದ ಶುದ್ಧ ನೀರಿನ ಲೋಟ ಮೊದಲು ತಿಳಿಯಾಗಿಯೇ ಇತ್ತು. ಅದಕ್ಕೆ ಒಂದು ಚಿಟಿಕೆ ಅಡುಗೆಯ ಉಪ್ಪು ಹಾಕಿ ಕಲಕಿ ಮತ್ತೆ ಕಡ್ಡಿಯಿಳಿಸಿದರು. ಎರಡು ನಿಮಿಷಕ್ಕೆ ಮಂಚೇನಹಳ್ಳಿಯ ನಲ್ಲಿಯ ನೀರಿಗಿಂತ ಕೆಟ್ಟ ಕೆಸರು ಎದ್ದಿತು. ಅಷ್ಟು ಉಪ್ಪು ನಾವು ದಿನವೂ ಸಾರಿನಲ್ಲಿ ತಿನ್ನುತ್ತೇವೆ. ವಿದ್ಯುತ್ತಿನ ಈ ಆಟ ಅಪಾಯದ್ದು, ಮನೆಯಲ್ಲಿ ಯಾರೂ ಪರೀಕ್ಷೆಗೆ ಇಳಿಯುವುದು ಬೇಡ. ಮಾರಲು ಬಂದವನಿಗೇ ಉಪ್ಪು ಹಾಕಿ ತೋರಿಸೆಂದು ಹೇಳಿದರೆ ಸಾಕು.

ಅವನು ಬಳಸಿದ ಇನ್ನೊಂದು ಸಾಧನ ಲೇಖನಿಯಂಥ ಸಣ್ಣ ಮಾಪಕ. ನೀರಿಗೆ ಅದ್ದಿದರೆ ಅದರಲ್ಲಿ ಒಂದು ಅಂಕಿ ಮೂಡುತ್ತದೆ. ನಮ್ಮ ನೀರಿಗೆ ಎಂಟುನೂರರ ಮೇಲೆ ಬಂತು, “ನೋಡಿ ಸಾರ್, ವಿಷ” ಎಂದ. ಆ ಮಾಪಕ ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಊಹಿಸಿ ಅಂಕಿ ಕೊಡುತ್ತದೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದ ಪ್ರಕಾರ ಈ ಒಟ್ಟು ಪ್ರಮಾಣ ಲೀಟರಿಗೆ 500 ಮಿಲಿಗ್ರಾಂ ಇರುವುದು ಮೇಲು. ಬೇರೆ ನೀರು ದೊರೆಯದ ಕಡೆ 2000ದವರೆಗೂ ಒಪ್ಪಬಹುದು. ಎಂಟುನೂರೆಂಬುದು ಮೇಲಾದ ನೀರೆಂದು ನಾನು ಹೇಳುವುದಿಲ್ಲ. ಆದರೆ ಅದು ವಿಷವೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಲವಣಗಳಲ್ಲಿ ಫ್ಲೋರೈಡು ಎಷ್ಟೆಂದು ಹೇಳುವ ಶಕ್ತಿ ಆ ಮಾಪಕಕ್ಕೆ ಇಲ್ಲವೇ ಇಲ್ಲ.

ಇಲ್ಲಿಯೇ ಈ ಮೋಸದ ಕ್ರೌರ್ಯವಿರುವುದು. ಫ್ಲೋರೈಡಿನ ಭಯ ಸುಳ್ಳು ಭಯವಲ್ಲ. ನಮ್ಮ ಸೀಮೆಯ ನೆಲದಡಿ ಇರುವುದು ಕಗ್ಗಲ್ಲು. ಕೆರೆ ಬಾವಿಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದವು. ಆ ಕಲ್ಲಿನೊಡನೆ ಬಹುಕಾಲ ಬೆರೆತಿದ್ದ ನೀರಿನಲ್ಲಿ ಫ್ಲೋರೈಡು ಸೇರಿರುತ್ತದೆ. ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳ ಮೇಲೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ. ಆವಿ ಹೋಗಿ ನೀರು ಕಡಿಮೆಯಾದಷ್ಟೂ ಗಾಢವಾಗುತ್ತದೆ. ನೇರಳಾತೀತ ದೀಪದ ಯಂತ್ರ ಕ್ರಿಮಿಗಳನ್ನು ಕೊಲ್ಲುತ್ತದೆ, ಫ್ಲೋರೈಡನ್ನು ಮುಟ್ಟುವುದಿಲ್ಲ. ಮೊಂಬತ್ತಿಯಂಥ ಸೋಸುಕವೂ ಅಷ್ಟೆ. ಅದನ್ನು ತೆಗೆಯುವುದಕ್ಕೆ ಆರ್.ಓ. ಎಂದು ನಾವೆಲ್ಲ ಕರೆಯುವ ಪೊರೆಯ ಯಂತ್ರವೋ, ಸಕ್ರಿಯಗೊಳಿಸಿದ ಅಲ್ಯೂಮಿನಾ ತುಂಬಿದ ಸೋಸುಕವೋ ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇರುವುದು ಸಾಮಾನ್ಯವಾಗಿ ಆ ಪೊರೆಯ ಯಂತ್ರವೇ. ಅಕ್ಕ ಅಲ್ಲಿಂದಲೇ ಕ್ಯಾನಿನಲ್ಲಿ ನೀರು ತರಿಸಿಕೊಳ್ಳುತ್ತಿದ್ದಳು. ನಲ್ಲಿಯ ನೀರು ಪಾತ್ರೆ ತೊಳೆಯುವುದಕ್ಕೆ ಮಾತ್ರ.

ಹದಿನಾರೂವರೆ ಸಾವಿರಕ್ಕೆ ಯಂತ್ರ ಬಂತು, ಗೋಡೆಗೆ ಏರಿತು. ಕ್ಯಾನು ತರುವ ಹುಡುಗನಿಗೆ ಇನ್ನು ಬೇಡವೆಂದು ಹೇಳಿದ್ದಾಯಿತು. ಮಕರ ಸಂಕ್ರಾಂತಿಗೆ ನಾನು ಮತ್ತೆ ಹೋದಾಗ ನನ್ನ ರಸಾಯನಶಾಸ್ತ್ರದ ಮಿತ್ರರೂ ಜೊತೆಗಿದ್ದರು. ಅವರು ಯಂತ್ರವನ್ನು ನೋಡಿ ಕೇಳಿದ ಮೊದಲ ಪ್ರಶ್ನೆ: “ಇದರ ಕಸದ ನೀರಿನ ಕೊಳವೆ ಎಲ್ಲಿ?” ಪೊರೆಯ ಯಂತ್ರ ಒಳಗೆ ಹೋದ ನೀರಿನಲ್ಲಿ ಒಂದು ಪಾಲನ್ನು ಲವಣಸಹಿತ ಹೊರಕ್ಕೆ ಬಿಡಲೇಬೇಕು, ಅದಕ್ಕೊಂದು ಬೇರೆ ಕೊಳವೆ ಇರಲೇಬೇಕು. ಇದಕ್ಕೆ ಇರಲಿಲ್ಲ. ಬಿಚ್ಚಿ ನೋಡಿದಾಗ ಒಂದು ಸೋಸುಕ, ಒಂದಿಷ್ಟು ಇದ್ದಿಲು, ಒಂದು ದೀಪ. ಆರು ತಿಂಗಳ ಮಟ್ಟಿಗೆ ಅಕ್ಕ ಒಳ್ಳೆಯ ನೀರನ್ನು ಬಿಟ್ಟು, ತಾನು ಹೆದರಿದ್ದ ನೀರನ್ನೇ ಹಣ ಕೊಟ್ಟು ನಂಬಿಕೆಯಿಂದ ಕುಡಿದಿದ್ದಳು. ಯಂತ್ರ ಕೂರಿಸಿದ ಆ ದಿನ ಅದೇ ಮಾಪಕವನ್ನು ಈ ಯಂತ್ರದ ನೀರಿಗೂ ಒಮ್ಮೆ ಅದ್ದಿ ತೋರಿಸೆಂದು ನಾವಿಬ್ಬರೂ ಕೇಳಲಿಲ್ಲ. ತಿಳಿನೀರೆಂದು ನಾವು ಕಂಡದ್ದು ಅವನ ಸೀಸೆಯ ನೀರೇ ಹೊರತು ಅವನ ಯಂತ್ರದ ನೀರಲ್ಲ.

ನೀರಿನಲ್ಲಿ ನಿಜವಾಗಿ ಏನಿದೆಯೆಂದು ತಿಳಿಯಬೇಕಾದವರು ಗ್ರಾಮ ಪಂಚಾಯಿತಿಯನ್ನು ಕೇಳಬಹುದು. ಜಲಜೀವನ ಯೋಜನೆಯಲ್ಲಿ ಪಂಚಾಯಿತಿಗಳಿಗೆ ಕೊಟ್ಟ ಪರೀಕ್ಷೆಯ ಪೆಟ್ಟಿಗೆಗಳಲ್ಲಿ ಫ್ಲೋರೈಡನ್ನು ನೋಡುವ ಸಾಮಗ್ರಿಯೂ ಇದೆ. ಜಿಲ್ಲಾ ಮಟ್ಟದಲ್ಲಿ ಸರ್ಕಾರಿ ನೀರಿನ ಪ್ರಯೋಗಾಲಯಗಳಿವೆ. ಮಾರುವವನು ಮಾಡುವ ಪರೀಕ್ಷೆ ಪರೀಕ್ಷೆಯಲ್ಲ.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಆ ದಿನ ಎರಡೂವರೆ ಸಾವಿರ ನಗದು ಕೊಟ್ಟಿದ್ದಳು. ಉಳಿದದ್ದನ್ನು ಕೈಲಾದಾಗ ಕೊಡಿ ಎಂದಿದ್ದನಂತೆ. ಯಂತ್ರದ ಖಾತರಿ ನೋಂದಾಯಿಸಬೇಕೆಂದು ಹೇಳಿ ಆಧಾರ್ ಕಾರ್ಡನ್ನೂ ಅವಳ ಮೊಬೈಲನ್ನೂ ಪಡೆದು, ಮೊಬೈಲಿಗೆ ಬಂದ ಅಂಕಿಗಳನ್ನು ತಾನೇ ಓದಿ ಒತ್ತಿಕೊಂಡಿದ್ದ. ನೋಂದಣಿಯಾದದ್ದು ಖಾತರಿಯಲ್ಲ, ಹದಿನಾಲ್ಕು ಸಾವಿರದ ಸಾಲ. ತಿಂಗಳಿಗೆ 1,290 ರೂಪಾಯಿಯಂತೆ ಹನ್ನೆರಡು ಕಂತು. ನಾನು ಕೇಳುವ ಹೊತ್ತಿಗೆ ಐದು ಕಂತು ಅವಳ ಪಿಂಚಣಿಯ ಖಾತೆಯಿಂದ ಹೋಗಿತ್ತು. ಏಕೆ ಹೇಳಲಿಲ್ಲವೆಂದು ಕೇಳಿದೆ. “ಮಗನಿಗೆ ಗೊತ್ತಾದರೆ ನಿನಗೆ ಬುದ್ಧಿ ಇಲ್ಲ, ಬೆಂಗಳೂರಿಗೆ ಬಂದುಬಿಡು ಅಂತಾನೆ. ಓದದ ನಾನು ಮೋಸ ಹೋದೆ ಸರಿ, ಓದಿದ ನೀನು ಅಲ್ಲಿ ಕೂತು ಏನು ಮಾಡ್ತಿದ್ದೆಯೋ?” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಬಾಗಿಲಿನ ಮೋಸಗಳಲ್ಲಿ ದೂರಿಗೆ ಬರುವುದು ಕೆಲವೇ ಎನ್ನುವುದಕ್ಕೆ ಕಾರಣ ಕಾಯಿದೆಯ ಕೊರತೆಗಿಂತ ಹೆಚ್ಚಾಗಿ ಈ ನಾಚಿಕೆ. ವಯಸ್ಸಾದವರಿಗೆ ಹಣ ಹೋದ ದುಃಖಕ್ಕಿಂತ, ಇನ್ನು ಮುಂದೆ ತಮ್ಮ ಮನೆಯನ್ನು ತಾವು ನಡೆಸಲಾರರೆಂದು ಮಕ್ಕಳು ತೀರ್ಮಾನಿಸಿಯಾರೆಂಬ ಭಯ ದೊಡ್ಡದು.

ಕಾಯಿದೆಯ ವಿಷಯಕ್ಕೆ ಬರೋಣ. ಕೊಂಡ ಮೇಲೆ ಮನಸ್ಸು ಬದಲಾಯಿಸುವ ಹಕ್ಕೆಂಬುದು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಹಲವರು ತಿಳಿದಿದ್ದಾರೆ. ಅಮೆರಿಕದಲ್ಲಿ 1972ರಲ್ಲಿ ರೂಪುಗೊಂಡ ನಿಯಮದಂತೆ ಮನೆಬಾಗಿಲಲ್ಲಿ ಮಾಡಿದ ಖರೀದಿಯನ್ನು ಮೂರು ದಿನದೊಳಗೆ ರದ್ದುಮಾಡಬಹುದು. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಂತೆ ಹದಿನಾಲ್ಕು ದಿನ. ಆದರೆ ನಮ್ಮ ಪ್ರಾಚೀನರು ವ್ಯವಹಾರದ ಹದಿನೆಂಟು ವಿವಾದಗಳಲ್ಲಿ ಒಂದಕ್ಕೆ ‘ಕ್ರಯವಿಕ್ರಯಾನುಶಯ’ ಎಂದೇ ಹೆಸರಿಟ್ಟಿದ್ದರು. ಅನುಶಯವೆಂದರೆ ಪಶ್ಚಾತ್ತಾಪ, ಕೊಂಡೆನಲ್ಲಾ, ಮಾರಿದೆನಲ್ಲಾ ಎಂಬ ಕೊರಗು. ಕೌಟಿಲ್ಯನ ಅರ್ಥಶಾಸ್ತ್ರ ಈ ಕೊರಗಿಗೆ ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ ಅವಕಾಶ ಕೊಡುತ್ತದೆ. ವ್ಯಾಪಾರ ಬಲ್ಲವನಿಗೆ ಕಡಿಮೆ, ಬಲ್ಲದವನಿಗೆ ಹೆಚ್ಚು: ಈ ಕ್ರಮದ ಹಿಂದಿನ ವಿವೇಕ ಗಮನಾರ್ಹ. ಮನುಸ್ಮೃತಿಯಲ್ಲಿ ಹತ್ತು ದಿನ. ನಾರದನು ಅದೇ ದಿನ ಹಿಂದಿರುಗಿಸಿದರೆ ಪೂರ್ತಿ ಬೆಲೆ, ಎರಡನೆಯ ದಿನ ಮೂವತ್ತರಲ್ಲೊಂದು ಪಾಲು ನಷ್ಟ, ಮೂರನೆಯ ದಿನ ಅದರ ಇಮ್ಮಡಿ ಎಂದು ಲೆಕ್ಕ ಹಾಕುತ್ತಾನೆ.

ಯಾಜ್ಞವಲ್ಕ್ಯಸ್ಮೃತಿ ಇನ್ನೂ ಸೂಕ್ಷ್ಮ. ಅದು ವಸ್ತುವನ್ನು ನೋಡಿ ಪರೀಕ್ಷೆಯ ಕಾಲವನ್ನು ಗೊತ್ತುಮಾಡುತ್ತದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು ದಿನ, ಹೇರು ಎಳೆಯುವ ಎತ್ತಿಗೆ ಐದು, ರತ್ನಕ್ಕೆ ಏಳು, ಬಿತ್ತನೆಯ ಬೀಜಕ್ಕೆ ಹತ್ತು. ಬೀಜಕ್ಕೆ ಹತ್ತು ದಿನವೇಕೆಂದು ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ, ಮೊಳಕೆ ಕಾಣಬೇಕಲ್ಲ! ಆ ಪಟ್ಟಿಯಲ್ಲಿ ಕೊಂಡು ತಂದ ಹೆಣ್ಣಾಳು ಗಂಡಾಳುಗಳಿಗೂ ಪರೀಕ್ಷೆಯ ಕಾಲ ಹೇಳಿದೆ. ಹಳೆಯದನ್ನು ಹೊಗಳುವ ಭರದಲ್ಲಿ ಆ ಸಾಲನ್ನು ನುಂಗಿಬಿಡುವುದು ಪ್ರಾಮಾಣಿಕತೆಯಲ್ಲ. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಹಿಂದೂ ದಾಯಭಾಗದ ವಿಷಯದಲ್ಲಿ ನ್ಯಾಯಾಲಯಗಳು ಈಚಿನವರೆಗೂ ಅವನನ್ನು ಆಧರಿಸಿವೆ. ಆಸ್ತಿ ಹಂಚುವುದಕ್ಕೆ ಅವನು ನೆನಪಾದ, ಕೊಂಡ ವಸ್ತುವನ್ನು ಹಿಂದಿರುಗಿಸುವುದಕ್ಕೆ ನೆನಪಾಗಲಿಲ್ಲ.

ಬ್ರಿಟಿಷರ ಕಾಲದ 1930ರ ಸರಕು ಮಾರಾಟ ಕಾಯಿದೆ ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ತತ್ತ್ವದ ಮೇಲೆ ನಿಂತಿತು, ಕೆಲವು ವಿನಾಯಿತಿಗಳನ್ನೇನೋ ಇಟ್ಟಿತು. 1872ರ ಕರಾರು ಕಾಯಿದೆಯಲ್ಲಿ ಸುಳ್ಳು ಹೇಳಿ ಪಡೆದ ಒಪ್ಪಿಗೆಯನ್ನು ಮೋಸಹೋದವನು ರದ್ದುಪಡಿಸಬಹುದೆಂದಿದೆ. ಅದಕ್ಕಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯುವ ಶಕ್ತಿ ಯಾರಿಗಿತ್ತು? 1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯಿದೆ ಬಂದದ್ದು ಈ ದೃಷ್ಟಿಯಿಂದ ದೊಡ್ಡ ತಿರುವು. ಅದರ ಸ್ಥಾನದಲ್ಲಿ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಇಲ್ಲಿ ಒಂದು ಮಾತು. ಕಾಯಿದೆಯ ಕನ್ನಡದಲ್ಲಿ ‘ಗ್ರಾಹಕ’ನೆಂದಿದ್ದರೆ, ಉಡುಪಿಯ ಕಡೆಯವರು ತಮ್ಮ ಸಂಘಟನೆಗೆ ‘ಬಳಕೆದಾರರ ವೇದಿಕೆ’ ಎಂದೂ, ಮೈಸೂರಿನವರು ‘ಗ್ರಾಹಕರ ಪರಿಷತ್ತು’ ಎಂದೂ ಹೆಸರಿಟ್ಟುಕೊಂಡರು. ನನಗೆ ಬಳಕೆದಾರನೆಂಬ ಮಾತು ಹಿಡಿಸುತ್ತದೆ. ಆದರೂ ಗ್ರಾಹಕನೆಂಬುದರೊಳಗೆ ಗ್ರಹಿಸುವವನೆಂಬ ಅರ್ಥವೂ ಅಡಗಿರುವುದರಿಂದ ಅದನ್ನು ಬಿಟ್ಟುಕೊಡಲೂ ಮನಸ್ಸಿಲ್ಲ.

ಈ ಕಾಯಿದೆಯ ಕೆಳಗೆ 2021ರ ಡಿಸೆಂಬರಿನಲ್ಲಿ ನೇರ ಮಾರಾಟದ ನಿಯಮಗಳು ಹೊರಬಂದವು. ಅವುಗಳ ಪ್ರಕಾರ ನೇರ ಮಾರಾಟಗಾರ ಗುರುತಿನ ಚೀಟಿಯಿಲ್ಲದೆ, ಮೊದಲೇ ಅನುಮತಿ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಹೋದೊಡನೆ, ನಾವು ಕೇಳುವ ಮೊದಲೇ, ತಾನಾರು, ಯಾವ ಸಂಸ್ಥೆಯವನು, ಅದರ ವಿಳಾಸವೇನು, ಬಂದ ಉದ್ದೇಶವೇನು ಎಂಬುದನ್ನು ನಿಜವಾಗಿ ತಿಳಿಸಬೇಕು. ನೀರಿನ ಪರೀಕ್ಷೆಗೆ ಬಂದಿದ್ದೇವೆಂಬ ಮಾತು ಇಲ್ಲಿಗೇ ಅಪರಾಧದ ಕಡೆಗೆ ಕಾಲಿಡುತ್ತದೆ. ಬೆಲೆ, ಸಾಲದ ಷರತ್ತು, ಹಿಂದಿರುಗಿಸುವ ಕ್ರಮ, ಖಾತರಿ, ಮಾರಾಟದ ನಂತರದ ಸೇವೆ ಎಲ್ಲವನ್ನೂ ಹೇಳಬೇಕು. ದೂರು ಬಂದರೆ ಸಂಸ್ಥೆ ನಲವತ್ತೆಂಟು ಕೆಲಸದ ಗಂಟೆಗಳೊಳಗೆ ಸ್ವೀಕೃತಿ ಕೊಟ್ಟು ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. ಒಬ್ಬನ ಕೆಳಗೆ ಹತ್ತು ಜನರನ್ನು ಸೇರಿಸಿದರೆ ಹಣ ಬರುತ್ತದೆಂಬ ಪಿರಮಿಡ್ಡಿನ ಯೋಜನೆಗಳಿಗೆ ಪೂರ್ಣ ನಿಷೇಧವಿದೆ.

ಆದರೆ ಈ ನಿಯಮಗಳಲ್ಲಿ ಎರಡು ತೂತುಗಳಿವೆಯೆಂದು ನನ್ನ ಅಭಿಪ್ರಾಯ. ಮೊದಲನೆಯದು, ಕಾಯಿದೆಯಲ್ಲಿ ನೇರ ಮಾರಾಟವೆಂದರೆ ಮಾರಾಟಗಾರರ ಜಾಲದ ಮೂಲಕ ನಡೆಯುವ ವ್ಯಾಪಾರ. ಯಾವುದೋ ಅಂಗಡಿಯ ಸಂಬಳದಾಳಾಗಿ ಬಂದವನು ತಾನು ಜಾಲದವನಲ್ಲವೆಂದು ನುಣುಚಿಕೊಳ್ಳಬಹುದು. ಎರಡನೆಯದು ಇನ್ನೂ ವಿಚಿತ್ರ. ಮನಸ್ಸು ಬದಲಾಯಿಸುವ ಅವಧಿಯೊಂದನ್ನು ಈ ನಿಯಮಗಳು ಹೆಸರಿಸುತ್ತವೆ. ಆದರೆ ಅದು ಮಾರುವ ಕೆಲಸಕ್ಕೆ ಸೇರಿದವನು ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದಕ್ಕೆ ಸಂಬಂಧಿಸಿದ್ದು. ಮಾರಲು ಬಂದವನಿಗೆ ಪಶ್ಚಾತ್ತಾಪಪಡಲು ಕಾಲವಿದೆ, ಕೊಂಡ ನನ್ನ ಅಕ್ಕನಿಗೆ ಇಲ್ಲ! ಮೊಬೈಲಿನ ಮೂಲಕ ಕೊಡುವ ಸಾಲಕ್ಕೆ ಮಾತ್ರ ಅಂಥ ಅವಧಿಯನ್ನು ರಿಸರ್ವ್ ಬ್ಯಾಂಕು 2022ರಲ್ಲಿ ಕಡ್ಡಾಯ ಮಾಡಿತು. ಆಗ ಅದು ಕನಿಷ್ಠ ಮೂರು ದಿನವಾಗಿತ್ತು, ಒಂದು ವಾರಕ್ಕೂ ಕಡಿಮೆಯ ಸಾಲಕ್ಕೆ ಒಂದು ದಿನ. 2025ರ ನಿರ್ದೇಶನಗಳಲ್ಲಿ ಎಲ್ಲಕ್ಕೂ ಕನಿಷ್ಠ ಒಂದು ದಿನವೆಂದಾಯಿತು. ಕೌಟಿಲ್ಯ ವರ್ತಕನಿಗೆ ಕೊಟ್ಟದ್ದು ಅಷ್ಟೇ ಕಾಲ. ಸಾಲವಾಗಿದೆಯೆಂದೇ ತಿಳಿಯದವಳಿಗೆ ಒಂದು ದಿನವಾದರೇನು, ಮೂರು ದಿನವಾದರೇನು?

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಜಾಲವಿರಲಿ ಬಿಡಲಿ, ಸುಳ್ಳು ಗುಣಗಳನ್ನು ಹೇಳಿ ಮಾರುವುದು, ಬಿಲ್ಲು ಕೊಡದಿರುವುದು, ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು, ಇವೆಲ್ಲ 2019ರ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕೊಟ್ಟ ಬೆಲೆ ಐವತ್ತು ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ವಸ್ತುವಿನ ಪರೀಕ್ಷೆ ಬೇಡವಾದ ದೂರು ಮೂರು ತಿಂಗಳಲ್ಲಿ ಮುಗಿಯಬೇಕೆಂದು ಕಾಯಿದೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ಹಿಡಿಯುವುದುಂಟು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಹೊಲಕ್ಕೆ ಬೀಜ ತಂದು ಮೋಸಹೋದ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ, ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ, ಸ್ಪಷ್ಟಪಡಿಸಿದೆ. ಮನೆಬಾಗಿಲಿಗೆ ಬೀಜ, ಬೆಳೆಯ ಟಾನಿಕ್ಕು ತಂದು ಮಾರುವವರಿಂದ ಬಿಲ್ಲಿಲ್ಲದೆ ಏನನ್ನೂ ಕೊಳ್ಳದಿರುವುದು, ಪೊಟ್ಟಣವನ್ನು ಚೀಟಿಸಹಿತ ಬೆಳೆ ಬರುವವರೆಗೂ ಇಟ್ಟುಕೊಂಡಿರುವುದು ಆ ತೀರ್ಪಿನ ಫಲ ಪಡೆಯಬೇಕಾದವರಿಗೆ ಅಗತ್ಯ.

ಬಿಲ್ಲೆಂದೆನಲ್ಲ, ನಮ್ಮ ಬಳಿ ಇದ್ದದ್ದು ಒಂದು ತುಂಡು ಕಾಗದ: ಮುದ್ರೆಯ ಹೆಸರು, ಒಂದು ಮೊಬೈಲ್ ಸಂಖ್ಯೆ, ಉಚಿತ ಸೇವೆ ಎಂಬ ಎರಡು ಪದ. ವಿಳಾಸವಿಲ್ಲ. ಸಂಖ್ಯೆ ಮೂಕವಾಗಿತ್ತು. ಎಡಗೈಗೆ ಸಿಕ್ಕದವನನ್ನು ಯಾವ ಆಯೋಗಕ್ಕೆ ಎಳೆಯುವುದು? ಆದರೆ ಸಾಲ ಕೊಟ್ಟ ಸಂಸ್ಥೆಗೆ ವಿಳಾಸವಿತ್ತು. ಅದರ ದೂರು ಅಧಿಕಾರಿಗೆ ಆ ಕಾಗದದ ಪ್ರತಿ, ಬಿಚ್ಚಿದ ಯಂತ್ರದ ಚಿತ್ರಗಳು, ಅಕ್ಕ ತೆಲುಗಿನಲ್ಲಿ ಹೇಳಿ ನಾನು ಕನ್ನಡದಲ್ಲಿ ಬರೆದುಕೊಂಡ ಹೇಳಿಕೆ ಇವಿಷ್ಟನ್ನೂ ಕಳಿಸಿದೆವು. ಮೊಬೈಲಿನ ಅಂಕಿ ಒತ್ತಿದ್ದೇ ಸಹಿಯೆಂದು ಮೊದಲ ಉತ್ತರ ಬಂತು. ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯುತ್ತೇವೆಂದು ಎರಡನೆಯ ಕಾಗದ ಹಾಕಿದೆವು. ಉಳಿದ ಕಂತುಗಳನ್ನು ಕೈಬಿಟ್ಟಿರುವುದಾಗಿ ಎರಡು ಸಾಲಿನ ಪತ್ರ ಬಂತು. ಕಟ್ಟಿದ ಐದು ಕಂತು, ಮೊದಲು ಕೊಟ್ಟ ಎರಡೂವರೆ ಸಾವಿರ ಹೋದವು. ಅಕ್ಕನ ಮಗನಿಗೆ ವಿಷಯವನ್ನು ನಾನೇ ತಿಳಿಸಿದೆ, ತಲೆಯಾಡಿಸಿದವನು ನಾನೆಂಬುದನ್ನು ಮೊದಲು ಹೇಳಿ. ಅವನು ಬೆಂಗಳೂರಿಗೆ ಬಾ ಎನ್ನಲಿಲ್ಲ. ಕ್ಯಾನಿನ ಹುಡುಗ ಮತ್ತೆ ಬರುತ್ತಿದ್ದಾನೆ.

ಕಳೆದ ಬೇಸಿಗೆಯಲ್ಲಿ ಎದುರು ಮನೆಗೆ ಇನ್ನೊಬ್ಬ ಬಂದನಂತೆ. ಅದೇ ಲೋಟಗಳು, ಅದೇ ಕಡ್ಡಿಗಳು. ಅಕ್ಕ ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ಹಿಡಿದುಕೊಂಡು ಬೀದಿ ದಾಟಿದಳು. “ಆ ತಿಳಿನೀರಿಗೂ ಇದನ್ನು ಹಾಕಿ ತೋರಿಸಪ್ಪ” ಎಂದಳು. ಅವನು ಇನ್ನೊಂದು ಮನೆಗೆ ಹೋಗುವುದಿದೆಯೆಂದು ಲೋಟಗಳನ್ನು ಒರೆಸಿ ಚೀಲಕ್ಕೆ ತುಂಬಿಕೊಂಡ. ಎದುರು ಮನೆಯಾಕೆ ಮಾತ್ರ ಅಕ್ಕನೊಡನೆ ಒಂದು ವಾರ ಮಾತು ಬಿಟ್ಟಿದ್ದಳಂತೆ. ಗೀಚಿದ ಚೀಟಿಯಲ್ಲಿ ಅವಳಿಗೆ ಮಿಕ್ಸಿ ಬಂದಿತ್ತು.